ಜೋಮು ಹಿಡಿದ ಎಡಗೈ

ನಾನು ರಗ್ಬಿ ಆಡಿದವನು ಎಂದರೆ ಹಾನಗಲ್ಲಿನಲ್ಲಿ ಇಂದಿಗೂ ಜನ ನನ್ನ ಮುಖವನ್ನೇ ನೋಡುತ್ತಾರೆ. ಅದೇನು ಆಟ ಎಂದು ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ನಮ್ಮವ್ವನಂತೂ ಅದರ ಉದ್ದುರುಟು ಚೆಂಡು ನೋಡಿ ಕೊನೆಯವರೆಗೂ ಅದನ್ನು ‘ಕುಂಬಳಕಾಯಿ ಆಟ’ ಎಂದೇ ಕರೆದಳು. ಮೂಲತಃ ನಾನು ಕಬಡ್ಡಿಯವನು. ಕಾಲೇಜಿನಲ್ಲಿ ನನ್ನ ಕೈಗೆ ಸಿಕ್ಕ ಕಾಲು ನಡುಗೆರೆ ಮುಟ್ಟುತ್ತಿರಲಿಲ್ಲ. ಅದನ್ನು ನೋಡಿಯೇ ರಗ್ಬಿ ಕೋಚ್ ಕರೆದರು. ಮೊದಲ ವರ್ಷವೆಲ್ಲ ಬೈಸಿಕೊಂಡದ್ದೇ ಬಂತು. ರಗ್ಬಿಯಲ್ಲಿ ಎದುರಾಳಿಯನ್ನು ಕೆಡವಿದ ಕೂಡಲೇ ಬಿಟ್ಟುಬಿಡಬೇಕು, ನಾನೋ ಅವನ ದಮ್ಮು ಮುರಿಯಲೆಂದು ಹಿಡಿದೇ ಇರುತ್ತಿದ್ದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಹನ್ನೊಂದು ವರ್ಷ ಮುಂದಿನ ಸಾಲಿನಲ್ಲಿ ಆಡಿದೆ. ಸ್ಕ್ರಮ್ ಎಂದರೆ ಎರಡೂ ಕಡೆಯ ಎಂಟೆಂಟು ಜನ ಬಗ್ಗಿ, ತಲೆ ಹೆಗಲು ಕೊಟ್ಟು ನೂಕುವುದು. ಮುಂದಿನ ಸಾಲಿನ ನಡುವಿನವನ ಎರಡೂ ತೋಳು ಅಕ್ಕಪಕ್ಕದವರ ಹೆಗಲ ಮೇಲಿರುತ್ತವೆ. ಸಾಲು ಕುಸಿದರೆ ನೆಲಕ್ಕೆ ಊರಲು ಅವನಿಗೆ ಕೈಯಿಲ್ಲ. ನಮ್ಮ ನಡುವಿನವನು ಸವಣೂರಿನ ಗೆಳೆಯ, ಅವನ ಬಲಕ್ಕೆ ನಾನು. ನನ್ನ ಎಡಗೈ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದಿರಬೇಕು. ಅವನ ಕುತ್ತಿಗೆ ಆ ಹಿಡಿತವನ್ನು ನಂಬಿತ್ತು.

ಆ ಕೈಗೇ ಜೋಮು ಹಿಡಿಯಿತು. ಹಿರೇಕೆರೂರಿನ ಒಂದು ಪಂದ್ಯದಲ್ಲಿ ನನ್ನ ಕುತ್ತಿಗೆ ಉಳುಕಿದ ಮೇಲೆ ಬೆರಳಿಗೆ ಚಹಾದ ಬಿಸಿಯೂ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ತಂಡದಿಂದ ಹೊರಗೆ. ಮೂವತ್ತು ದಾಟಿದವನನ್ನು ಮತ್ತೆ ಕರೆಯುವವರು ಯಾರು? ಎಣ್ಣೆ ತಿಕ್ಕುವಾಗ ಅಕ್ಕ ಮಾತ್ರ ಪತ್ತೆ ಹಚ್ಚಿದಳು.

“ನಿನ್ನ ಕೈ ನಿನಗ ಗೊತ್ತಾಗವಲ್ದು, ಆಡಾಕ ಹೊಂಟೀಯಲ್ಲ?”

“ಸುಮ್ನಿರಕ್ಕ ನೀ,” ಎಂದು ರೇಗಿದೆ.

ಶಿಗ್ಗಾಂವಿಯ ಪಂದ್ಯ. ಐದು ನಿಮಿಷ ಉಳಿದಿತ್ತು, ನಾವು ಎರಡೇ ಅಂಕ ಮುಂದಿದ್ದೆವು, ಸ್ಕ್ರಮ್ ನಾವು ಕಾಯಬೇಕಾದ ಗೆರೆಯ ಹತ್ತಿರವೇ ಬಿತ್ತು. ಗೆಳೆಯ ನನ್ನ ಹೆಗಲ ಮೇಲೆ ತೋಳು ಹಾಕಿ ಭಾರ ಬಿಟ್ಟ. ನಾನು ಅವನ ಬೆನ್ನಿಗೆ ಕೈ ಹಾಕಿದೆ. ಅಂಗಿ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಕತ್ತು ಹೊರಳಿಸಿ ನೋಡಿದರೆ ಬೆರಳುಗಳು ಬರೀ ಗಾಳಿಯಲ್ಲಿ ಮಡಚಿಕೊಂಡಿದ್ದವು.

ರೆಫರಿ ಬಗ್ಗಲು ಹೇಳಿದರು. ಎದುರಿನವರು ಬಗ್ಗಿದರು. ಇಷ್ಟು ದಿನ ಏನೂ ಆಗಿಲ್ಲವಲ್ಲ, ಇದೊಂದು ಸಲ ಸುಮ್ಮನಿದ್ದರಾಯಿತು ಎನಿಸಿತು. ನಾಚಿಕೆಗೆಟ್ಟ ಯೋಚನೆ, ಆದರೆ ಬಂದದ್ದು ಅದೇ. ಇನ್ನೊಂದು ಕೂಗಿಗೆ ಹದಿನಾರು ಜನರ ಭಾರ ಡಿಕ್ಕಿ ಹೊಡೆಯುವುದರಲ್ಲಿತ್ತು. ನಾನು ಬಲಗೈ ಎತ್ತಿ ಎದ್ದು ನಿಂತೆ.

“ಏನಾತೋ?” ಎಂದ ಗೆಳೆಯ.

“ಎಡಗೈ ಸತ್ತೈತಿ. ನಿನ್ನ ಹಿಡಿಯಾಕ ಆಗವಲ್ದು.”

“ಯಾವಾಗಿಂದ?”

“ಮೂರು ತಿಂಗಳಾತು.”

ಅವನು ತನ್ನ ಕುತ್ತಿಗೆಯನ್ನೊಮ್ಮೆ ಮುಟ್ಟಿಕೊಂಡ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಹೋದ ತಿಂಗಳ ನನ್ನ ಮಗಳ ತೊಟ್ಟಿಲಕ್ಕ ಬಂದಿದ್ದಿ. ಹೋಳಿಗಿ ಉಂಡಿ, ಕೂಸಿನ್ನ ಎತ್ತಿಕೊಂಡಿ. ಅವತ್ತರ ಹೇಳಬಾರದಾಗಿತ್ತೇನೋ?”

ನನ್ನ ಬದಲು ಇನ್ನೊಬ್ಬ ಇಳಿದ, ಪಂದ್ಯ ಗೆದ್ದೆವು. ನನ್ನ ಆಟ ಅಲ್ಲಿಗೇ ಮುಗಿಯಿತು. ಕೈ ಎರಡು ವರ್ಷದಲ್ಲಿ ಸರಿಹೋಯಿತು. ಆ ಮಗಳು ಈಗ ಶಾಲೆಗೆ ಹೋಗುತ್ತಾಳಂತೆ. ಅವರ ಮನೆಯ ಹೊಸ್ತಿಲು ತುಳಿಯಲು ನನಗೆ ಇನ್ನೂ ಧೈರ್ಯ ಬಂದಿಲ್ಲ.