ಕೆಂಪು ಫಿಲ್ಟರ್

ಮೂವತ್ತು ವರ್ಷ ಸರಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದ ಮೇಲೆ ನನಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. ಹೈದರಾಬಾದಿನ ಹನ್ನೊಂದು ಜನರ ಛಾಯಾಚಿತ್ರ ಪ್ರದರ್ಶನಕ್ಕೆ ನನ್ನದೂ ಒಂದು ಆಯ್ಕೆಯಾದಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. 'ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ?' ಎಂದು ನಕ್ಕಿದ್ದ ತಮ್ಮನಿಗೇ ಮೊದಲು ಫೋನ್ ಮಾಡಿದೆ. ಹೊಟ್ಟೆ ಉರಿದುಕೊಳ್ಳಲಿ ಎಂದೇ.

ಚಿತ್ರದಲ್ಲಿದ್ದವಳು ಕೂಕಟ್‌ಪಲ್ಲಿಯ ನಮ್ಮ ಮನೆಯೆದುರಿನ ಹೊಸ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಯಾದಗಿರಿ ಕಡೆಯ ಹೆಂಗಸು. ತಲೆಯ ಮೇಲೆ ಬುಟ್ಟಿ, ಹಣೆ ತುಂಬ ಕುಂಕುಮ, ಹಿಂದೆ ಮೋಡ. "ಅಕ್ಕಾರ, ನನಗೂ ತೋರಸ್ರಿ ಮತ್ತ" ಎಂದು ಚಿತ್ರ ತೆಗೆದ ದಿನವೇ ಹೇಳಿದ್ದಳು. ಆಮೇಲೆ ಅವಳ ಗಂಡ ಅದೇ ಕಟ್ಟಡದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಪ್ರದರ್ಶನ ಶುರುವಾದ ಮರುದಿನವೇ ಅವನ ಆಪರೇಷನ್. ಮನಸ್ಸು ಹಗುರಾಗಲಿ ಎಂದು ಹಿಂದಿನ ಸಂಜೆ ಆಸ್ಪತ್ರೆಯಿಂದ ಅವಳನ್ನು ನಾನೇ ಆಟೋದಲ್ಲಿ ಕರೆದೊಯ್ದೆ.

ಚಿತ್ರದ ಮುಂದೆ ನಿಂತವಳ ಕೈ ತನ್ನ ಹಣೆಗೆ ಹೋಯಿತು.

"ಅಕ್ಕಾರ, ನನ್ನ ಕುಂಕುಮ ಎಲ್ಲಿ ಹೋತ್ರಿ?"

ಕಪ್ಪು-ಬಿಳುಪಿಗೆ ತಿರುಗಿಸುವಾಗ ಆಕಾಶ ಕಪ್ಪಾಗಲಿ ಎಂದು ಕೆಂಪು ಫಿಲ್ಟರ್ ಹಾಕಿದ್ದೆ. ಅದು ಕೆಂಪನ್ನೆಲ್ಲ ತೆಳುವಾಗಿಸುತ್ತದೆ. ಮೋಡ ಚೆನ್ನಾಗಿ ಬಂದಿತ್ತು, ಹಣೆ ಬರಿದಾಗಿತ್ತು. ಹದಿನೈದು ದಿನ ಅದನ್ನೇ ತಿದ್ದುತ್ತ ಕೂತ ನನಗೆ, ದಿನಾ ಬೆಳಿಗ್ಗೆ ಕನ್ನಡಿ ಮುಂದೆ ಕುಂಕುಮ ಇಡುವ ನನಗೆ, ಇದು ಕಾಣಲಿಲ್ಲ ನೋಡಿ!

"ಅದು ಕಲಾ ಐತಿ, ತಂಗಿ, ಹಂಗ ಬರ್ತೈತಿ" ಎಂದು ಗದರಿದೆ. ತಪ್ಪು ನನ್ನದಾದಾಗಲೇ ನನ್ನ ದನಿ ಏರುವುದು.

"ನಾಳೆ ಅವ್ರ ಆಪರೇಷನ್ ಐತ್ರಿ. ಇವತ್ತ ಹಿಂಗ ನೋಡಬೇಕಾತಲ್ಲ" ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಗಡಬಡಿಸಿ ಚೀಲದಿಂದ ಕುಂಕುಮದ ಡಬ್ಬಿ ತೆಗೆದು ಚೌಕಟ್ಟಿನ ಗಾಜಿಗೆ ಹಚ್ಚಲು ಹೋದೆ. ಅವಳು ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು.

"ಬ್ಯಾಡ್ರೀ! ಗಾಜಿನ ಮ್ಯಾಲ ಸತ್ತವ್ರಿಗೆ ಹಚ್ಚತಾರ."

ಥೂ ನನ್ನ ಬುದ್ಧಿಯೇ! ಚಿತ್ರವನ್ನು ಮೊಳೆಯಿಂದ ಎತ್ತಿ ಕಂಕುಳಲ್ಲಿಟ್ಟುಕೊಂಡೆ. ಪ್ರದರ್ಶನ ಏರ್ಪಡಿಸಿದಾತ "ಮೇಡಂ, ಕ್ಯಾ ಕರ್‌ರೇ ಆಪ್?" ಎಂದು ಓಡಿಬಂದ. ಸಿಟ್ಟಿಗೆ ನನಗೆ ಕನ್ನಡವೇ ಬಂತು: "ನಂದು ಚಿತ್ರ, ನಾ ಒಯ್ತೀನಿ!" ಇನ್ನು ಮುಂದೆ ನಿಮಗೆ ಇಲ್ಲಿ ಜಾಗವಿಲ್ಲ ಎಂದ. ಗೋಡೆಯ ಮೇಲೆ ನನ್ನ ಹೆಸರಿನ ಚೀಟಿ ಮಾತ್ರ ಉಳಿಯಿತು. ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅವಳನ್ನು ಆಸ್ಪತ್ರೆಗೆ ಬಿಟ್ಟು ಕೋಠಿ ಬಜಾರಿನ ಫೋಟೋ ಅಂಗಡಿಯಲ್ಲಿ ಅದೇ ಚಿತ್ರವನ್ನು ಬಣ್ಣದಲ್ಲಿ ಅಚ್ಚು ಹಾಕಿಸಿದೆ. ಮೋಡ ಸಪ್ಪೆ, ಕುಂಕುಮ ಕೆಂಪು. ಬೆಳಿಗ್ಗೆ ಆಪರೇಷನ್ ಕೋಣೆಯ ಹೊರಗೆ ಅವಳ ಪಕ್ಕ ಕೂತು ಅದನ್ನು ಚೀಲದಿಂದ ತೆಗೆಯಹೋದರೆ ತಡೆದಳು.

"ಈಗ ಬ್ಯಾಡ್ರಿ. ಅವ್ರು ಹೊರಗ ಬರ್ಲಿ."

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದೇವರೊಡನೆ ಸದಾ ಜಗಳವಾಡುವ ನಾನು ಅವತ್ತು ಬಾಯಿ ಮುಚ್ಚಿಕೊಂಡು ಕೈಮುಗಿದೆ.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆಯಿತು. ಗಾಲಿಮಂಚದ ಮೇಲೆ ಮಲಗಿದ್ದ ಅವನು ಕಣ್ಣು ಅರೆ ತೆರೆದು ನೀರು ಕೇಳಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವನಿಂದ ಕಣ್ಣು ಕೀಳದೆ ಹಿಂದಕ್ಕೆ ನನ್ನತ್ತ ಕೈ ಚಾಚಿದಳು.

"ಈಗ ಕೊಡ್ರಿ, ಅಕ್ಕಾರ."