ಲೈಸೆನ್ಸು ಅವರದು, ಕೆಲಸ ಇವರದು

ನಮ್ಮ ಮನೆಯವರು ಮೇಸ್ತ್ರಿ. ಭಟ್ಕಳದಿಂದ ಕುಮಟೆಯವರೆಗೆ ಇವರು ಒಂದಾದರೂ ಮೋರಿ ಕಟ್ಟದ ಊರಿಲ್ಲ. ಹಾಗೆಂದು ನಾನು ಹೇಳಬೇಕೇ ಹೊರತು ಯಾವ ಕಾಗದವೂ ಹೇಳುವುದಿಲ್ಲ. ಸರ್ಕಾರಿ ಕೆಲಸಕ್ಕೆ ಟೆಂಡರು ಹಾಕಲು ಗುತ್ತಿಗೆದಾರರ ಲೈಸೆನ್ಸು ಬೇಕು. ಇವರ ಹತ್ತಿರ ಅದಿರಲಿಲ್ಲ, ಕುಮಟೆಯ ಕಂತ್ರಾಟುದಾರರೊಬ್ಬರ ಹತ್ತಿರ ಇತ್ತು. ಟೆಂಡರು ಅವರ ಹೆಸರಿಗೆ ಆಗುತ್ತಿತ್ತು. ಕೆಲಸವನ್ನು ಇಡಿಯಾಗಿ ಇವರ ತಲೆಗೆ ಕಟ್ಟಿ, ತಮ್ಮ ಪಾಲು ಹಿಡಿದುಕೊಂಡು ಅವರು ಆರಾಮಾಗಿ ಮನೆಯಲ್ಲಿರುತ್ತಿದ್ದರು. ನಮ್ಮ ಕಡೆ ಇದನ್ನು ಯಾರೂ ಮೋಸ ಎನ್ನುವುದಿಲ್ಲ. ಕೆಲಸ ಶುರುವಾಗುವ ದಿನ ಕಾಯಿ ಒಡೆಯಲು ಮಾತ್ರ ಅವರು ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ಫೋಟೋದಲ್ಲಿ ಮುಂದೆ ಅವರು, ಹಿಂದೆಲ್ಲೋ ಇವರ ಅರ್ಧ ತಲೆ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಕೇರಿ ಹೊನ್ನಾವರದ ಹತ್ತಿರ, ಕಡಲ ದಂಡೆಯಲ್ಲೇ. ಅಲ್ಲಿ ತಡೆಗೋಡೆ ಕಟ್ಟುತ್ತಾರೆಂದು ಸುದ್ದಿ ಬಂದಾಗ ಇವರಿಗೆ ಆಸೆ ಹುಟ್ಟಿತು.

"ಇದೊಂದು ನನ್ ಹೆಸರಲ್ಲಿ ಆಗ್ಬೇಕು. ನಮ್ಮನೆ ಹಿಂದಿನ ಗೋಡೆ ಅಲ್ವನೇ ಮಾರಾಯ್ತಿ!"

ಲೈಸೆನ್ಸಿಗೆ ಅರ್ಜಿ ಹಾಕಲು ಇಬ್ಬರೂ ಕಚೇರಿಗೆ ಹೋದೆವು. ಹಿಂದೆ ಮಾಡಿದ ಕೆಲಸಕ್ಕೆ ಪುರಾವೆ ಏನಿದೆ ಎಂದು ಅಲ್ಲಿನ ಗುಮಾಸ್ತರು ಕೇಳಿದರು. ಇವರು ಹೆಮ್ಮೆಯಿಂದ ಮೊಬೈಲು ತೆಗೆದು, ಮೋರಿಗಳ ಮೇಲೆ ಕರಣೆ ಹಿಡಿದು ನಿಂತ ತಮ್ಮ ಫೋಟೋಗಳನ್ನು ಒಂದೊಂದಾಗಿ ತೋರಿಸಿದರು. ಗುಮಾಸ್ತರು ಗಾಬರಿಯಾದರು.

"ಅಯ್ಯೋ, ಮೊದ್ಲು ಒಳಗಿಡಿ ಅದನ್ನ! ಲೈಸೆನ್ಸ್ ಇಲ್ದೆ ಮಾಡಿದ್ದೆ ಅಂತ ನೀವೇ ಸಾಕ್ಷಿ ಕೊಡ್ತಾ ಇದ್ದೀರಲ್ಲ! ಕೆಲಸ ಯಾರ ಹೆಸರಲ್ಲಿ ಆಗಿತ್ತೋ ಅವ್ರ ಹತ್ರ ಬರೆಸ್ಕೊಂಡ್ ಬನ್ನಿ."

ಕುಮಟೆಗೆ ಹೋದೆವು. ಕಂತ್ರಾಟುದಾರರು ಚಾ ಕೊಡಿಸಿದರು, ಮಕ್ಕಳ ವಿಚಾರ ಕೇಳಿದರು. ಬಂದ ಕೆಲಸ ಹೇಳಿದಾಗ ಮುಖ ಹುಳ್ಳಗಾಯಿತು.

"ನಿನ್ ಕೆಲ್ಸ ಎಂತದು ಅಂತ ನಂಗೆ ಗೊತ್ತಿಲ್ವನಾ? ಆದ್ರೆ ನೀನೇ ಮಾಡಿದ್ದು ಅಂತ ಬರ್ಕೊಟ್ರೆ ನನ್ ಲೈಸೆನ್ಸೇ ರದ್ದಾಗ್ತದೆ. ಬೇರೆಯವ್ರ ಕೈಲಿ ಮಾಡ್ಸೂಕೆ ಕಾನೂನಿಲ್ಲ ಮಾರಾಯಾ."

ಕಾನೂನಂತೆ! "ಇಷ್ಟ್ ವರ್ಷ ಆ ಕಾನೂನು ಎಲ್ಲಿ ಮಲಗಿತ್ತು?" ಎಂದು ಕೇಳಿಯೇಬಿಟ್ಟೆ.

"ನಿನ್ ಹೆಂಡ್ತಿ ಬಾಯಿ ಜೋರದೆ," ಎಂದು ಅವರು ನಕ್ಕರು. ಇವರೂ ನಕ್ಕರು. ಅದನ್ನು ಕಂಡು ನನಗೆ ಅವರಿಗಿಂತ ಇವರ ಮೇಲೇ ಹೆಚ್ಚು ಸಿಟ್ಟು ಬಂತು. ಬಸ್ಸಿನಲ್ಲಿ ಇವರ ಪಕ್ಕ ಜಾಗವಿದ್ದರೂ ಹೋಗಿ ಬೇರೆ ಸೀಟಿನಲ್ಲಿ ಕೂತೆ.

ಗೋಡೆಯ ಟೆಂಡರೂ ಅವರ ಹೆಸರಿಗೇ ಆಯಿತು, ಕಟ್ಟಿದ್ದು ಇವರೇ. ಬೇಡವೆಂದರೆ ಹೊಟ್ಟೆಗೆ ಏನು? ಬುನಾದಿ ಇನ್ನೂ ಆಳಕ್ಕೆ ಹೋಗಬೇಕೆಂದು ಇವರು ಬಡಿದುಕೊಂಡರು. ಸಾಕು, ಮಳೆ ಬೀಳುವ ಮೊದಲು ಮುಗಿಸು ಎಂದು ಅವರು ಫೋನಿನಲ್ಲೇ ಗದರಿದರು. ಲೈಸೆನ್ಸು ಇದ್ದವರ ಮಾತೇ ನಡೆಯಿತು.

ಮೊದಲ ಮಳೆಗಾಲದಲ್ಲೇ ಕಡಲು ಉಕ್ಕಿ ಗೋಡೆ ಮಗುಚಿತು. ನಮ್ಮ ಬಚ್ಚಲುಮನೆಯೂ ಅದರ ಜೊತೆ ಹೋಯಿತು. ಯಾರ ಜೀವಕ್ಕೂ ಏನಾಗಲಿಲ್ಲ, ಅದೇ ಪುಣ್ಯ. ಕೇರಿಯ ಹೆಂಗಸರು ಕುಮಟೆಗೆ ಹೋಗಿ ಬೈಯಲಿಲ್ಲ, ನಮ್ಮ ಬಾಗಿಲಿಗೆ ಬಂದು ಬೈದರು.

ಆಮೇಲೆ ವಿಚಾರಣೆ ಶುರುವಾಯಿತು. ಇವರಿಗೆ ನೋಟೀಸು ಬಂತು. ಕಂತ್ರಾಟುದಾರರು ಸಹಿ ಮಾಡಿಕೊಟ್ಟ ಹೇಳಿಕೆಯ ಪ್ರತಿ ಅದರ ಜೊತೆಗಿತ್ತು. ಬುನಾದಿಯಿಂದ ಹಿಡಿದು ಕೊನೆಯವರೆಗೆ ಇಡೀ ಕೆಲಸ ಮಾಡಿದವನು ಈತನೇ, ತನ್ನ ಮಾತನ್ನೂ ಕೇಳಲಿಲ್ಲ ಎಂದು ಬರೆದಿದ್ದರು. ಲೈಸೆನ್ಸು ಹೋದರೆ ಹೋಗಲಿ, ಗೋಡೆಯ ತಪ್ಪು ತಮ್ಮ ತಲೆಗೆ ಬರದಿದ್ದರೆ ಸಾಕು ಎನಿಸಿರಬೇಕು. ಇವರ ಹೆಸರು, ಇವರ ಅಪ್ಪನ ಹೆಸರು, ಊರು, ಒಂದೂ ತಪ್ಪಿರಲಿಲ್ಲ.

ಇವರು ಜಗಲಿಯಲ್ಲಿ ಕೂತು ಅದನ್ನು ಮತ್ತೆ ಮತ್ತೆ ಓದಿದರು. ಕೊನೆಗೆ ನನ್ನ ಕೈಗೆ ಕೊಟ್ಟರು.

"ನೋಡು," ಎಂದರು, "ನಾನೇ ಮಾಡಿದ್ದು ಅಂತ ಕಡಿಗೂ ಬರ್ಕೊಟ್ರು."