ಕಪಾಟಿನ ಹಿಂದಿನ ಅಬ್ಬಲಿಗೆ

ಅಟ್ಟದ ಮೇಲೆ ಛತ್ರಿ ಹುಡುಕುವಾಗ ಕೈಗೆ ಸಿಕ್ಕಿದ್ದು ಹಪ್ಪಳದಂತೆ ಸೆಟೆದುಕೊಂಡ ಬಟ್ಟೆಯ ಮುದ್ದೆ. ಮೂಸಿದೆ, ಇನ್ನೂ ಪೇಂಟಿನ ವಾಸನೆ. ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ದೀತು. ಎಸೆಯುವ ಮೊದಲು ಸ್ವಲ್ಪ ತಡೆಯಿರಿ.

ಹಿಂದೊಮ್ಮೆ ಹೊನ್ನಾವರದ ನಮ್ಮ ಮನೆಗೆ ಬಣ್ಣ ಹೊಡೆಸುವಾಗ, ಅಮ್ಮನ, ಅಂದರೆ ನಮ್ಮ ಆಯಿಯ, ಕೋಣೆಯದನ್ನು ಆಯಿಯೇ ಆರಿಸಲಿ ಎಂದೆ. ಅವಳ ಜನ್ಮದಲ್ಲೇ ಯಾರೂ ಅವಳನ್ನು ಕೇಳಿರದ ಪ್ರಶ್ನೆ ಅದು. ಬಣ್ಣದ ಕಾರ್ಡನ್ನು ಮೂಗಿಗೆ ತಾಗಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿ, "ಇದೇ ಆತು. ತೆಳು ಅಬ್ಬಲಿಗೆ ಹೂವಿನ ಬಣ್ಣ" ಎಂದಳು. ಅವಳ ಕಣ್ಣಿನ ಪೊರೆ ತೆಗೆಸಲು ಕುಮಟಾದಲ್ಲಿ ದಿನ ಗೊತ್ತುಮಾಡಿ ಬಂದಿದ್ದವನು ನಾನೇ. ಆದರೂ ಆ ಕಣ್ಣಿಗೆ ಗಾಢ ಬಣ್ಣವೂ ತೆಳುವಾಗಿ ಕಾಣುತ್ತದೆಂದು ಹೊಳೆಯಲಿಲ್ಲ.

ಆಪರೇಷನ್ ಮುಗಿಸಿ ಅವಳು ಅಲ್ಲೇ ನನ್ನ ತಂಗಿಯ ಮನೆಯಲ್ಲಿದ್ದಾಗ ಗೋಡೆಗೆ ಬಣ್ಣವಾಯಿತು. ಅಬ್ಬಲಿಗೆಯ, ಎಂದರೆ ಕನಕಾಂಬರದ, ತೆಳು ಕೇಸರಿಯಲ್ಲ, ಬೆಂಕಿ. ಬಾಗಿಲು ತೆರೆದರೆ ನನ್ನ ಬಿಳಿ ಅಂಗಿಯೂ ಕೆಂಪಾಗುತ್ತಿತ್ತು. ನಿದ್ದೆ ಹಾರಿಹೋಯಿತು, ನನ್ನದು ಹಾರಲು ಇಷ್ಟೆಲ್ಲ ಬೇಕಾಗಿಯೂ ಇಲ್ಲ. ಹಾಗೇ ಬಿಟ್ಟರೆ ಹೊಸ ಕಣ್ಣಿಗೆ ಚುಚ್ಚುತ್ತದೆ, ಬೇರೆ ಬಳಿದರೆ ಅವಳು ಆರಿಸಿದ್ದೇ ಹೋಗುತ್ತದೆ.

"ಅಳಿಸೂದು ಎಂತಕ್ಕೆ? ಮೇಲೊಂದು ಮಂಜು ಹಾಕುವ" ಎಂದಳು ಹೆಂಡತಿ ಸುಮಾ, ಫೋನಿನಲ್ಲಿ ಯಾವುದೋ ವಿಡಿಯೋ ನೋಡುತ್ತ.

"ಗೋಡೆಗೆ ಚರ್ಮರೋಗ ಬಂದ ಹಾಗಾದ್ರೆ?"

"ನೀವು ಹೊರಗೆ ಕೂತು ಹೆದರ್ತಾ ಇರಿ. ಒಳಗೆ ಮಾತ್ರ ಬರಬೇಡಿ."

ಬಿಳಿ ಬಣ್ಣಕ್ಕೆ ನೀರು ಬೆರೆಸಿದಳು. ಆಯಿಯ ಹಳೆಯ ನೂಲಿನ ಸೀರೆಯ ತುಂಡನ್ನು ಅದರಲ್ಲಿ ಅದ್ದಿ, ಹಿಂಡಿ, ಮುದ್ದೆ ಮಾಡಿ, ಗೋಡೆಗೆ ಒತ್ತಿ ಒತ್ತಿ ತೆಗೆದಳು. ಮೊದಲು ನಾನು ಹೇಳಿದ ಚರ್ಮರೋಗವೇ ಬಂತು. ಆಮೇಲೆ, ಹೇಗೆಂದು ಇವತ್ತಿಗೂ ತಿಳಿಯದು, ಒಂದು ಗುರುತು ಇನ್ನೊಂದರಲ್ಲಿ ಕರಗಿತು. ಸೀರೆಯ ಸುಕ್ಕುಗಳೆಲ್ಲ ಮೋಡವಾಗಿ, ಅವುಗಳ ಹಿಂದಿನಿಂದ ಅದೇ ಬೆಂಕಿ ತಣ್ಣಗೆ ಬೆಳಗತೊಡಗಿತು, ಶರಾವತಿಯ ಅಳಿವೆಯಲ್ಲಿ ಮಂಜಿನಾಚೆ ಸೂರ್ಯನಿದ್ದ ಹಾಗೆ. ಬಾಗಿಲಲ್ಲಿ ನಿಂತೇ ಇದ್ದೆ. ದೇವರ ಎದುರೂ ನಾನು ಅಷ್ಟು ಹೊತ್ತು ಚಿಂತೆಯಿಲ್ಲದೆ ನಿಂತವನಲ್ಲ. ಬಣ್ಣದವರು ನಾಲ್ವರು ಸೇರಿ ಸರಿಸಿದ್ದ ಮರದ ಕಪಾಟು ಮಾತ್ರ ನಾವಿಬ್ಬರು ನೂಕಿದರೆ ಅಲುಗಲಿಲ್ಲ. ಅದರ ಹಿಂದಿನ ಬೆಂಕಿಯಷ್ಟು ಹಾಗೇ ಉಳಿಯಿತು.

ಆಯಿ ಬಂದು ಗೋಡೆ ಸವರಿದಳು. "ಹೌದು, ಇದೇ" ಎಂದಳು. ಮತ್ತೆ ನನ್ನತ್ತ ತಿರುಗಿ, "ನಿನ್ನ ತಲೆ ಯಾವಾಗ ಇಷ್ಟ್ ಬೆಳ್ಳಗಾತಾ?"

ನಡೆದದ್ದನ್ನು ನಾವು ಹೇಳಲಿಲ್ಲ. ಅವಳು ಕಪಾಟಿನ ಹತ್ತಿರ ಹೋದಾಗೆಲ್ಲ ನಾನು ಏನಾದರೊಂದು ನೆಪ ಹೇಳಿ ಹೊರಗೆ ಕರೆಯುತ್ತಿದ್ದೆ.

ಇವತ್ತು ಆ ಮುದ್ದೆ ಹಿಡಿದು ಅಟ್ಟದಿಂದ ಇಳಿದರೆ ಎದುರಿಗೇ ಆಯಿ.

"ನನ್ನ ಸೀರೆ ಅಲ್ದನಾ ಅದು? ಕಪಾಟಿನ ಹಿಂದೂ ಒತ್ತೂಕೆ ಹೊರಟ್ಯಾ?"

ಮುದ್ದೆಯನ್ನು ಬೆನ್ನ ಹಿಂದೆ ಸರಿಸಿದೆ.

"ಅಲ್ಲಿ ಹಾಗೇ ಇರ್ಲಿ ಮಾರಾಯಾ. ಅದು ನಾನ್ ಆರಿಸಿದ್ದು."

ಅವಳು ಅಂಗಳಕ್ಕೆ ಹೋದ ಮೇಲೆ ಕಪಾಟಿನ ಸಂದಿಗೆ ಕಣ್ಣಿಟ್ಟೆ. ಬೆಂಕಿ ಅಲ್ಲೇ ಇತ್ತು. ಬಹಳ ಹೊತ್ತು ನೋಡಿದೆ. ಚುಚ್ಚಲಿಲ್ಲ.